ನಮ್ಮ ಮುಂದೆ ಹೋದ ತಂಡ

ದೆವ್ವ, ಭೂತ, ಮೈಮೇಲೆ ಬರುವುದು, ಸತ್ತವರು ಕನಸಿನಲ್ಲಿ ಬಂದು ಹೇಳಿ ಹೋಗುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ನಂಬುವವರನ್ನು ಎದುರಿಗೇ ಗೇಲಿ ಮಾಡುತ್ತಿದ್ದೆ. ನಮ್ಮ ತಂದೆಯ ಕಾಲಕ್ಕೆ ನಾವು ಬೌದ್ಧರಾದವರು. ಕಣ್ಣಾರೆ ಕಂಡದ್ದನ್ನೂ ಇನ್ನೊಮ್ಮೆ ಪರೀಕ್ಷಿಸು ಎಂಬ ಮಾತು ಕೇಳುತ್ತಲೇ ಬೆಳೆದೆ. ಅರಸೀಕೆರೆಯ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ನನಗೆ ಮಕ್ಕಳು 'ಸಾಕ್ಷಿ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಯಾರು ಏನೇ ಹೇಳಿದರೂ ಸಾಕ್ಷಿ ಎಲ್ಲಿ ಎಂದು ಕೇಳುತ್ತಿದ್ದೆನಲ್ಲ, ಅದಕ್ಕೆ. ಈಗ ಹೇಳಹೊರಟಿರುವ ಸಂಗತಿಗೆ ನನ್ನ ಹತ್ತಿರ ಸಾಕ್ಷಿಯಿಲ್ಲ. ನಗುವವರು ನಗಲಿ. ಹೆದರಿಕೆಯಾಗಿದ್ದರೆ ಇಷ್ಟು ವರ್ಷಕ್ಕೆ ಮರೆತುಬಿಡುತ್ತಿದ್ದೆನೋ ಏನೋ. ಆವತ್ತು ನನಗೆ ಬಂದದ್ದು ಸಿಟ್ಟು, ಅದು ಇನ್ನೂ ಆರಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಕಡೆಯ ಒಂದು ಸಂಘದವರು ಬೆಂಗಳೂರಿನಿಂದ ಇಪ್ಪತ್ತೆರಡು ಜನರನ್ನು ಕರೆಸಿ, ಹಳೇಬೀಡಿನಲ್ಲಿ 'ದರ್ಶನಗಳ ನಡಿಗೆ' ಎಂಬ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಶಿಲ್ಪದ ಸೊಬಗು ತೋರಿಸಲು ಗೈಡುಗಳು ಬೇಕಾದಷ್ಟು ಜನ ಇದ್ದಾರೆ. ಈ ಊರಿನಲ್ಲಿ ಜೈನರು, ಶೈವರು, ವೈಷ್ಣವರು ಏನನ್ನು ಯೋಚಿಸಿದರು, ಹೇಗೆ ವಾದಿಸಿದರು ಎಂಬುದನ್ನು ನಡೆಯುತ್ತಾ ಹೇಳುವವರು ಬೇಕಿತ್ತು. ಆ ಕೆಲಸ ನನಗೆ ಬಂತು. ಎರಡು ತಿಂಗಳು ಕೂತು ಹನ್ನೆರಡು ಪುಟ ಬರೆದೆ. ಕೊನೆಯ ಪುಟ ನನ್ನ ತಾತನದು.

ತಾತನಿಗೂ ದರ್ಶನಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು, ಸಂಘದ ಅಧ್ಯಕ್ಷರೂ ಕೇಳಿದರು. ಹಳೇಬೀಡಿನ ಹೊರವಲಯದಲ್ಲಿ ಒಂದು ಸಣ್ಣ ಗುಡಿ ಇದೆ, ಹೆಸರು ಬರೆಯುವುದಿಲ್ಲ. ಬಿದ್ದುಹೋಗಿದ್ದ ಅದನ್ನು ಹಿಂದೆ ಯಾವಾಗಲೋ ಎತ್ತಿ ಕಟ್ಟಿದಾಗ, ಕೆರೆಯಂಗಳದ ಕೆಸರಿನಲ್ಲಿ ಹೂತಿದ್ದ ವಿಗ್ರಹವನ್ನು ಹಗ್ಗ, ಬೊಂಬು ಕಟ್ಟಿ ಹೊತ್ತು ತಂದವರು, ತಂದೆ ಅರಸೀಕೆರೆಗೆ ಬರುವ ಮೊದಲು ನಮ್ಮವರಿದ್ದ ಅಲ್ಲಿನ ಕೇರಿಯ ಎಂಟು ಜನ. ಅವರಲ್ಲಿ ತಾತನೂ ಒಬ್ಬ. ಗುಡಿಯ ಜಗಲಿಯವರೆಗೆ ಹೊತ್ತರು. ಅಲ್ಲಿ ಇಳಿಸಿದ ಕೂಡಲೇ ಅವರಿಗೆ ಕೆಳಗಿಳಿಯಲು ಹೇಳಿ, ಬೇರೆಯವರು ನೀರು ಸುರಿದು ತೊಳೆದು ಒಳಗೆ ತೆಗೆದುಕೊಂಡು ಹೋದರಂತೆ. ಆಗ ತಾತ ಕೇಳಿದನಂತೆ: "ಕೆಸ್ರಲ್ಲಿದ್ದಾಗ ನಾವು ಮುಟ್ಟುದ್ರೆ ಮೈಲಿಗೆ ಆಗ್ನಿಲ್ಲ, ಮೆಟ್ಲು ಹತ್ತುತಿದ್ದಂಗೆ ಹೆಂಗಾಯ್ತು ಸಾಮಿ?" ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ. ಈ ಊರಿನಲ್ಲಿ ಕೇಳಿದ ದೊಡ್ಡ ಪ್ರಶ್ನೆಗಳಲ್ಲಿ ಅದೂ ಒಂದು ಎಂದು ಬರೆದು, ತಂದೆ ನನಗೆ ಬಾಯಿಪಾಠ ಮಾಡಿಸಿದ್ದ ಎಂಟೂ ಹೆಸರುಗಳನ್ನು ಪುಟದ ಕೊನೆಗೆ ಹಾಕಿದ್ದೆ.

ಅಧ್ಯಕ್ಷರು ಆ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೀಟು ಎಳೆದರು. "ಮಿಕ್ಕಿದ್ದೆಲ್ಲ ಬೊಂಬಾಟ್ ಮೇಷ್ಟ್ರೇ. ಇದೊಂದು ಬೇಡ. ಜನ ಸಂತೋಷವಾಗಿ ಬಂದಿರ್ತಾರೆ, ಹಳೇ ಗಾಯ ಯಾಕೆ ಕೆರೆಯೋದು? ಕೊನೆಗೆ ಸಮನ್ವಯ ಅಂತ ಹೇಳಿ ಮುಗಿಸಿಬಿಡಿ," ಎಂದರು. ಗಾಯ ಯಾರದು ಎಂದು ಕೇಳಬೇಕಾಗಿತ್ತು. ನಾನು ಕೋಲೆ ಬಸವನ ಹಾಗೆ ತಲೆಯಾಡಿಸಿದೆ. ದಿನವೂ ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸುವ ಗಂಡಸು! ಆ ಪುಟವನ್ನು ಮಡಿಸಿ ಅಂಗಿ ಜೇಬಿನಲ್ಲಿಟ್ಟುಕೊಂಡೆ.

ನಡಿಗೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅರಸೀಕೆರೆ ಬಿಟ್ಟೆ. ಜಾವಗಲ್ಲಿನಲ್ಲಿ ಒಬ್ಬ ತೆಂಗಿನಕಾಯಿ ಮೂಟೆ ತಂದು ನನ್ನ ಕಾಲ ಬಳಿಯೇ ಇಟ್ಟ. ಅದನ್ನು ನೋಡುತ್ತಾ ನನಗೊಂದು ಉದಾಹರಣೆ ಹೊಳೆಯಿತು. ಒಂದೇ ವಸ್ತುವನ್ನು ಹಲವು ಕಡೆಯಿಂದ ನೋಡಬೇಕು, ಒಬ್ಬರಿಗೆ ಕಂಡದ್ದೇ ಪೂರ್ತಿ ಸತ್ಯವಲ್ಲ ಎಂಬ ಜೈನರ ವಿಚಾರವನ್ನು ಹೇಳುವುದಕ್ಕೆ ಎಲ್ಲರೂ ಕುರುಡರನ್ನೂ ಆನೆಯನ್ನೂ ಎಳೆದು ತರುತ್ತಾರೆ. ನಾನು ತೆಂಗಿನಕಾಯಿ ಹೇಳೋಣ ಎಂದುಕೊಂಡೆ. ಅಂಗಡಿಯವನಿಗೆ ಅದು ವ್ಯಾಪಾರ, ಪೂಜಾರಿಗೆ ನೈವೇದ್ಯ, ಮನೆಯಾಕೆಗೆ ಚಟ್ನಿ, ಮರ ಹತ್ತುವವನಿಗೆ ಎದೆಯ ಮೇಲಿನ ತರಚು ಗಾಯ. ಎಲ್ಲೂ ಬರೆದುಕೊಳ್ಳಲಿಲ್ಲ, ಯಾರಿಗೂ ಹೇಳಲಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹೊಯ್ಸಳೇಶ್ವರ ಗುಡಿಯಲ್ಲಿ ಚಪ್ಪಲಿ ಕಾಯುವವನು, "ಇವತ್ತು ಬೋಣಿ ನಿಮ್ದೇ ಸಾ," ಎಂದ. ಅಲ್ಲಿನ ಮಾತು ಸಲೀಸಾಗಿ ಮುಗಿಯಿತು. ಒಡೆಯ ಸತ್ತರೆ ತಾವೂ ತಲೆ ಕೊಡುತ್ತಿದ್ದ ಗರುಡರ ಕಂಬದ ಮುಂದೆ ನಿಂತು ನಿಷ್ಠೆಯ ವಿಚಾರ ಹೇಳಿದೆ. ಜನ ಫೋಟೋ ತೆಗೆದುಕೊಂಡರು. ಆಮೇಲೆ ಬಸ್ತಿಹಳ್ಳಿಯ ಬಸದಿಗಳ ಕಡೆ ನಡೆದೆವು.

ಬಸದಿಯ ಕಾವಲುಗಾರ ಎದ್ದು ನಿಂತು, "ಇನ್ನೊಂದ್ ತಂಡಾನಾ ಸಾ? ಈಗ್ತಾನೆ ಒಂದ್ ಹೋಯ್ತಲ್ಲ," ಎಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಳಗೆ, ಹೊಳೆಯುವ ಕಂಬಗಳ ನಡುವೆ ಎಲ್ಲರನ್ನೂ ನಿಲ್ಲಿಸಿ ತೆಂಗಿನಕಾಯಿ ಮಾತು ಶುರುಮಾಡಿದೆ. ಅಂಗಡಿಯವನಾಯಿತು, ಪೂಜಾರಿಯಾಯಿತು. ಬಾಗಿಲಲ್ಲಿದ್ದ ಕಾವಲುಗಾರ ನಗತೊಡಗಿದ.

"ಅವ್ರೂ ಇದ್ನೇ ಹೇಳುದ್ರು ಸಾ. ಕೊನೇಗೆ ಮರ ಹತ್ತೋನಿಗೆ ಎದೆ ಗಾಯ ಅಂದ್ರಲ್ಲ, ಅದು ಸರಿಯಾಗೈತೆ. ನಮ್ಮಣ್ಣನೂ ಮರ ಹತ್ತೋನೇಯ."

ನಾನಿನ್ನೂ ಮರ ಹತ್ತುವವನ ತನಕ ಬಂದೇ ಇರಲಿಲ್ಲ.

ನನ್ನ ಮೈ ಜುಮ್ಮೆನ್ನಬೇಕಿತ್ತು. ಬದಲಿಗೆ ಉರಿದುಹೋಯಿತು. ಯಾವನೋ ನನ್ನ ಎರಡು ತಿಂಗಳ ದುಡಿಮೆ ಕದ್ದು ನನಗಿಂತ ಮುಂದೆ ನಡೆಯುತ್ತಿದ್ದಾನೆ! ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು, "ನನ್ನ ಬರಹ ಯಾರಿಗೆ ಕೊಟ್ರಿ?" ಎಂದು ಗದರಿದೆ. ಅವರು, "ದೇವರಾಣೆ ಯಾರಿಗೂ ಇಲ್ಲ ಮೇಷ್ಟ್ರೇ, ಇನ್ನೊಂದು ತಂಡ ಯಾವುದು?" ಎಂದು ಕಣ್ಣು ಬಿಟ್ಟರು. ತೆಂಗಿನಕಾಯಿ ಆ ಬರಹದಲ್ಲೇ ಇಲ್ಲ ಎಂಬುದು ನೆನಪಾದದ್ದು ಅವರನ್ನು ಬೈದು ಮುಗಿಸಿದ ಮೇಲೆ. ಬಂದವರೆಲ್ಲ ಕಂಬಗಳಲ್ಲಿ ತಮ್ಮ ಪ್ರತಿಬಿಂಬ ನೋಡಿ ನಗುತ್ತಿದ್ದರು. ನನಗೆ ನನ್ನ ಮುಖ ನೋಡುವ ಮನಸ್ಸಿರಲಿಲ್ಲ. ಕಾವಲುಗಾರನನ್ನು ಆ ಮನುಷ್ಯ ಹೇಗಿದ್ದ ಎಂದು ಕೇಳಿದೆ. "ಮಖ ನೋಡ್ನಿಲ್ಲ ಸಾ, ಜನ ಸುತ್ಕಂಡಿದ್ರು. ದನಿ ಮಾತ್ರ ದೊಡ್ದು. ಗೇಟ್ ತಂಕ ಕೇಳ್ತಿತ್ತು," ಎಂದ. ನನ್ನದು ಸಣ್ಣ ದನಿ; ಕೊನೆಯ ಬೆಂಚಿನ ಮಕ್ಕಳಿಗೆ ಎಂದೂ ಕೇಳಿಸುತ್ತಿರಲಿಲ್ಲ.

ಕೇದಾರೇಶ್ವರ ಗುಡಿಯಲ್ಲಿ ನಾನು ಏನು ಹೇಳಿದೆನೋ ದೇವರಿಗೇ ಗೊತ್ತು. ಅವನನ್ನು ಹಿಡಿಯಬೇಕೆಂಬ ಹಟಕ್ಕೆ ಬಿದ್ದು ಓಡುವವನಂತೆ ನಡೆದೆ. ಹಿಂದಿನಿಂದ ಹೆಂಗಸರು, "ಸ್ವಲ್ಪ ನಿಧಾನ ಸರ್," ಎನ್ನುತ್ತಿದ್ದರು. ದಾರಿ ನೆಟ್ಟಗಿತ್ತು, ಎರಡೂ ಬದಿ ಗದ್ದೆ ಬಯಲು. ಇಪ್ಪತ್ತು ಜನರ ಗುಂಪು ಅಡಗಿಕೊಳ್ಳುವ ಜಾಗ ಅಲ್ಲ ಅದು. ಯಾರೂ ಕಾಣಲಿಲ್ಲ.

ಕೊನೆಯ ಜಾಗ ತಾತನ ಗುಡಿ. ಅದರ ಪಕ್ಕದಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ಮುದುಕಿ ಎಮ್ಮೆಗೆ ಹುಲ್ಲು ಕುಯ್ಯುತ್ತಿದ್ದಳು. ಮಟಮಟ ಮಧ್ಯಾಹ್ನ. ಜಗಲಿಯ ಕೆಳಗೆ, ಎಂಟು ಜನ ಇಳಿದು ನಿಂತಿರಬಹುದಾದ ಜಾಗದಲ್ಲೇ ನಿಂತು, ಹೊಯ್ಸಳರ ಕಾಲದ ಸಮನ್ವಯದ ಬಗ್ಗೆ ನಾಲ್ಕು ಮಾತಾಡಿ ಮುಗಿಸಿದೆ. ಚಪ್ಪಾಳೆ ಬಿತ್ತು. ಅಧ್ಯಕ್ಷರು, "ಊಟ ಆರೋಗುತ್ತೆ, ಬನ್ನಿ ಬನ್ನಿ," ಎಂದು ಎಲ್ಲರನ್ನೂ ಹೊರಡಿಸಿದರು. ಮುದುಕಿ ಕುಡುಗೋಲು ಕೆಳಗಿಟ್ಟು ನನ್ನ ಹತ್ತಿರ ಬಂದಳು.

"ಮುಂಚೆ ಬಂದಿದ್ದೋರು ಎಂಟು ಜನದ ಹೆಸ್ರು ಹೇಳುದ್ರು ಸಾಮಿ. ನೀವ್ಯಾಕೆ ಹೇಳ್ನಿಲ್ಲ?"

ಅವಳೇ ಮುಂದುವರಿಸಿದಳು. "ಅದ್ರಾಗೆ ನಮ್ಮಪ್ಪನ ಹೆಸ್ರೂ ಬಂತು. ಹುಚ್ಚಯ್ಯ ಅಂತ ನಮ್ಮ ಕೇರೀಲಿದ್ದೋನು ಅವ್ನೊಬ್ನೇಯ. ನಾನು ಮೊಲೆ ಕುಡಿಯೋ ಮಗಿದ್ದಾಗ್ಲೇ ಸತ್ತೋದ, ಏನ್ ಕೆಲ್ಸ ಮಾಡ್ತಿದ್ದ ಅಂತ್ಲೂ ನಂಗೆ ಯಾರೂ ಹೇಳಿರ್ನಿಲ್ಲ. ಇವತ್ ಗೊತ್ತಾಯ್ತು, ಈ ದೇವ್ರನ್ನ ಹೊತ್ತೋನು ಅಂತ. ನೀವೂ ಹೇಳ್ತೀರೇನೋ, ಇನ್ನೊಂದ್ಸಲ ಕೇಳಾನ ಅಂತ ಕಾಯ್ಕಂಡಿದ್ದೆ."

ನನ್ನದೇ ಕೇರಿಯ ಹೆಂಗಸು, ನನ್ನ ಪ್ಯಾಂಟು ಷರಟು ನೋಡಿ ನನ್ನನ್ನು ಸಾಮಿ ಎನ್ನುತ್ತಿದ್ದಳು. ನಾಚಿಕೆಯಿಂದ ಸತ್ತುಹೋಗುವಂತಾಯಿತು. ಅಧ್ಯಕ್ಷರ ಮೇಲೆ, ಆ ಚಪ್ಪಾಳೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ ಸಿಟ್ಟು ಬಂತು. ಜೇಬಿನಿಂದ ಪುಟ ತೆಗೆದು, ಕೆಂಪು ಗೀಟಿನ ಅಡಿಯಲ್ಲಿದ್ದ ಎಂಟೂ ಹೆಸರುಗಳನ್ನು ಓದಿದೆ. ಆ ಹೊತ್ತಿಗೆ ನನ್ನವರೆಲ್ಲ ರಸ್ತೆ ಸೇರಿದ್ದರು. ಮುದುಕಿ ಪೂರ್ತಿ ಕೇಳಿ ತಲೆದೂಗಿದಳು.

"ಇವೇಯ ಸಾಮಿ. ಇದೇ ತರ ಒಂದಾದ್ಮೇಲೆ ಒಂದು ಹೇಳುದ್ರು. ಆದ್ರೆ ಅವ್ರು ಎಲ್ರೆದ್ರಿಗೇ ಹೇಳುದ್ರು."

ಊಟ ಬಿಟ್ಟು ಸಂಜೆಯವರೆಗೆ ವಿಚಾರಿಸಿದೆ. ಹೋಟೆಲಿನವರು, ಬಸ್ ನಿಲ್ದಾಣದವರು, ಆಟೋದವರು, ಯಾರೂ ಇನ್ನೊಂದು ತಂಡವನ್ನು ನೋಡಿರಲಿಲ್ಲ. ಮುದುಕಿಗೆ ಹೆಸರುಗಳು ಕೇರಿಯಲ್ಲೇ ಯಾರಿಂದಲೋ ತಿಳಿದಿದ್ದಾವು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ತೆಂಗಿನಕಾಯಿ ಹತ್ತಿರ ಬಂದು ಆ ಸಮಾಧಾನ ನಿಂತುಬಿಡುತ್ತದೆ. ಆ ಮನುಷ್ಯ ಯಾರು, ಯಾರಿಗೆ ಹೇಳುತ್ತಾ ಹೋದ, ನನಗೆ ಗೊತ್ತಿಲ್ಲ. ಸಿಕ್ಕಿದ್ದರೆ ಆವತ್ತು ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ. ಈಗ ಸಿಕ್ಕರೂ ಹಿಡಿದೇನು, ನನ್ನ ಬಾಯಲ್ಲಿ ಬರಬೇಕಾದ ಮಾತನ್ನು ನೀನು ಯಾಕೆ ಆಡಿದೆ ಎಂದು.

ಕರಿಯಯ್ಯ, ಇವನು ನನ್ನ ತಾತ. ಹುಚ್ಚಯ್ಯ. ದೊಡ್ಡೀರ. ಸಣ್ಣೀರ. ತಿಮ್ಮ. ಮಲ್ಲ. ಗಿಡ್ಡಯ್ಯ. ಕೆಂಪ. ಈಗ ನಾನೂ ಎಲ್ಲರೆದುರಿಗೆ ಹೇಳಿದ್ದೇನೆ. ಮುದುಕಿ ತೀರಿಕೊಂಡು ಬಹಳ ವರ್ಷವಾಯಿತು.