ಬೆಲ್ಟಿಗೆ ಕೈಯಿಡುವ ಮಹಾಮಾಯಾ

ಬೀದರದ ಖಾಸಗಿ ಕಾಲೇಜೊಂದರ ಮೈದಾನದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹುಲ್ಲು ಕತ್ತರಿಸುವ ಯಂತ್ರದ ಸೀಟಿನ ಮೇಲೆ ಕುಳಿತ ಮಹಾಮಾಯಾ ಮೂಗರಳಿಸುತ್ತಾರೆ. ಸುಟ್ಟ ರಬ್ಬರಿನ ವಾಸನೆ. ಇಂಜಿನ್ ಗುಡುಗುತ್ತಿದೆ. ಆದರೆ ಸಣ್ಣ ಟ್ರ್ಯಾಕ್ಟರಿನಂಥ ಆ ಯಂತ್ರ ಸಪಾಟು ನೆಲದಲ್ಲಿ ಓಡಿ, ಏರು ಬಂದೊಡನೆ ಮುಂದೆ ಹೋಗಲೊಲ್ಲದು. ಅವರು ಇಂಜಿನ್ ಬಂದ್ ಮಾಡಿ ಚಾವಿ ಕಿತ್ತುಕೊಳ್ಳುತ್ತಾರೆ, ಸ್ಪಾರ್ಕ್ ಪ್ಲಗ್ಗಿನ ವೈರು ಕಳಚುತ್ತಾರೆ. ಆಮೇಲೆ ಗೋಣಿತಟ್ಟು ಹಾಸಿ, ಪಕ್ಕಕ್ಕೆ ಮಲಗಿ, ಒಳಗೆ ಬೆಲ್ಟು ಸುತ್ತಿ ಓಡುವ ಗಾಲಿಗಳಂಥ ಪುಲ್ಲಿಗಳನ್ನು ಬೆರಳಿನಿಂದ ಒಂದೊಂದಾಗಿ ತಿರುಗಿಸಿ ನೋಡುತ್ತಾರೆ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಸಣ್ಣ ಪುಲ್ಲಿ ತಿರುಗುವುದೇ ಇಲ್ಲ.

"ಬೆಲ್ಟಿಂದೇನೂ ತಪ್ಪಿಲ್ರಿ. ಇದರ ಬೇರಿಂಗ್ ಜಾಮ್ ಆಗ್ಯದ. ಬೆಲ್ಟ್ ಇದಕ್ಕ ತಿಕ್ಕಿ ತಿಕ್ಕಿ ಸುಡಲತ್ತದ. ಇದನ್ನ ಹಂಗೇ ಬಿಟ್ಟು ಹೊಸಾದು ಹಾಕಿದ್ರ ಅದೂ ಸುಡ್ತದ."

ಆಗ ಅವರ ಎಡಗೈ ಕಣ್ಣಿಗೆ ಬೀಳುತ್ತದೆ. ನಡುಬೆರಳು, ಉಂಗುರಬೆರಳು ಎರಡೂ ಅರ್ಧಕ್ಕೇ ನಿಂತಿವೆ.

ಭಾಲ್ಕಿ ತಾಲ್ಲೂಕಿನ ಸಾಯಗಾಂವದ ಮಹಾಮಾಯಾ ಮೊದಲು ಇದೇ ಮೈದಾನದಲ್ಲಿ ಖುರ್ಪಿ ಹಿಡಿದು ಕಳೆ ತೆಗೆಯುವ ಕೂಲಿಯಾಗಿದ್ದರು. ಕಾಲೇಜು ಯಂತ್ರ ತಂದಿತು. ಅದನ್ನು ಓಡಿಸಲು ಬಂದವನು ಬೇಸಿಗೆ ಮುಗಿಯುವ ಮೊದಲೇ ಹೇಳದೆ ಕೇಳದೆ ಹೋದ. ಮಹಾಮಾಯಾ ಸೀಟು ಹತ್ತಿದರು. ಬೆಲ್ಟು ಪದೇಪದೇ ಹರಿದಾಗ ಹಿಟ್ಟಿನ ಗಿರಣಿಗಳನ್ನು ರಿಪೇರಿ ಮಾಡುವ ಅಬ್ದುಲ ಅಜೀಜ ಚಾಚಾನ ಬಳಿ ಒಯ್ದರು. "ಬೇಟಿ, ಇದು ತಾನಾಗೇ ಹರಿದಿಲ್ಲ. ಹರಿದಾಂವ ಒಳಗ ಕುಂತಾನ, ಮೊದಲ ಅವನ್ನ ಹುಡುಕು," ಎಂದು ಚಾಚಾ ಪುಲ್ಲಿಗಳನ್ನು ಮುಟ್ಟಿ ನೋಡಲು ಕಲಿಸಿದರು. ಹೀಗೆ ಕಲಿತ ಕೆಲಸ ಭಾಲ್ಕಿಯ ವಸತಿ ಶಾಲೆಗೂ ಔರಾದದ ಫಂಕ್ಷನ್ ಹಾಲಿಗೂ ಅವರನ್ನು ಕರೆದೊಯ್ದಿತು. ಜೊತೆಗೆ ಗಂಡ ಧಮ್ಮಪಾಲ ಇರುತ್ತಿದ್ದರು. ಅವರು ಸೀಟಿನ ಮೇಲೆ ಕೂತು ಪೆಡಲ್ ಒತ್ತಿದರೆ ಬೆಲ್ಟು ಸಡಿಲಾಗುತ್ತದೆ. ಹೆಂಡತಿ ಕೆಳಗೆ ಮಲಗಿ ಅದನ್ನು ಬಿಡಿಸುತ್ತಿದ್ದರು.

ಔರಾದದಲ್ಲಿ ಬೆರಳು ಹೋದ ದಿನವೂ ಕೆಲಸ ಹಾಗೆಯೇ ನಡೆದಿತ್ತು. ಆಗೆಲ್ಲ ಚಾವಿ ಯಂತ್ರದಲ್ಲೇ ಇರುತ್ತಿತ್ತು. ಫಂಕ್ಷನ್ ಹಾಲಿನ ಹುಲ್ಲುಹಾಸು ಬಸ್ಸುಗಳು ಓಡಾಡುವ ರಸ್ತೆಗೆ ಅಂಟಿಕೊಂಡಿದೆ. ಹೊಸ ಬೆಲ್ಟು ಪುಲ್ಲಿಯ ಅಂಚಿಗೆ ಸಿಕ್ಕಿತ್ತು. ಮಹಾಮಾಯಾ ಅದನ್ನು ಸರಿಸಲು ಬೆರಳು ತೂರಿಸಿದರು. ಕೆಲಸ ಮುಗಿಯಿತೆಂದು ಗಂಡ ಎಲ್ಲಿ ಅವಸರ ಮಾಡುತ್ತಾರೋ ಎಂದು ಕೆಳಗಿನಿಂದಲೇ ಕೂಗಿದರು: "ಚಾಲೂ ಮಾಡಬ್ಯಾಡ್ರಿ!" ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯಿತು. ಧಮ್ಮಪಾಲ ಅವರ ಕಿವಿಗೆ ಬಿದ್ದದ್ದು 'ಚಾಲೂ ಮಾಡ' ಎಂಬಷ್ಟೇ. 'ಬ್ಯಾಡ್ರಿ' ಎಂಬುದನ್ನು ಹಾರ್ನ್ ನುಂಗಿತ್ತು. ಅವರು ಚಾವಿ ತಿರುವಿದರು.

ಬೆಲ್ಟು ಸರ್ರನೆ ಬೆರಳುಗಳನ್ನು ಒಳಗೆಳೆದುಕೊಂಡಿತು. ಹೆಂಡತಿಯ ಚೀರಾಟಕ್ಕೆ ಧಮ್ಮಪಾಲ ಕಲ್ಲಾಗಿಬಿಟ್ಟರು. ಸ್ಟೇರಿಂಗ್ ಹಿಡಿದ ಕೈ ಹಿಡಿದಂತೆಯೇ ಇತ್ತು, ಬಾಯಿ ತೆರೆದಂತೆಯೇ ಇತ್ತು. ಚಾವಿಯನ್ನು ಹಿಂದಕ್ಕೆ ತಿರುವಿದರೆ ಇಂಜಿನ್ ನಿಲ್ಲುತ್ತದೆ ಎಂಬುದೂ ಅವರಿಗೆ ಹೊಳೆಯಲಿಲ್ಲ. ಗೇಟಿನಿಂದ ಓಡಿಬಂದ ಕಾವಲುಗಾರ ಹಬೀಬ ಬಂದ್ ಮಾಡಿದರು.

"ದವಾಖಾನಿಗಿ ಹೋಗೂತನಾ ಇವರು ಒಂದ ಮಾತೂ ಆಡಲಿಲ್ರಿ," ಎನ್ನುತ್ತಾರೆ ಮಹಾಮಾಯಾ. "ಇವರ ಮಾರಿ ನೋಡಿ ನನಗ ನನ್ನ ಕೈನೇ ಮರ್ತುಹೋತು. ಇವರಿಗೇನರ ಆಗ್ತದಂತ ಅಂಜಿಕಿ ಬಂತು."

ಗಾಯ ಮಾಯಿತು. ಆದರೆ ಧಮ್ಮಪಾಲ ಚೇತರಿಸಿಕೊಳ್ಳಲಿಲ್ಲ. ಬಾಡಿಗೆಗೆ ಓಡಿಸುತ್ತಿದ್ದ ಗೂಡ್ಸ್ ಆಟೋ ಬಿಟ್ಟರು. ಮನೆಯಲ್ಲಿ ಮಿಕ್ಸರ್ ಸದ್ದು ಕೇಳಿದರೂ ಎದ್ದು ಹೊರಗೆ ಹೋಗುತ್ತಿದ್ದರು. ಮಹಾಮಾಯಾ ಒಬ್ಬರೇ ಕೆಲಸಕ್ಕೆ ಮರಳಿದರು. ಒಂದು ಬೆಳಿಗ್ಗೆ ಭಾಲ್ಕಿಯ ಶಾಲೆಯಲ್ಲಿ ಪುಲ್ಲಿಯ ಸ್ಪ್ರಿಂಗು ಎಷ್ಟು ಎಳೆದರೂ ಕಳಚಲಿಲ್ಲ. ಉಳಿದ ಬೆರಳುಗಳಿಗೆ ಹಿಡಿತ ಸಾಲದು. ಅವರು ಗಂಡನಿಗೆ ಫೋನ್ ಮಾಡಿದರು: "ನನ್ನ ಕೈಲೆ ಆಗವಲ್ದು. ನಿಮ್ಮ ಕೈ ಬೇಕ್ರಿ."

ಧಮ್ಮಪಾಲ ಬಸ್ಸು ಹಿಡಿದು ಬಂದರು, ಯಂತ್ರದಿಂದ ಮಾರು ದೂರ ನಿಂತರು. ಮಹಾಮಾಯಾ ಚಾವಿಯನ್ನು ಅವರ ಅಂಗಿಯ ಜೇಬಿಗೆ ಹಾಕಿ, ತಾವೇ ಸೀಟಿನ ಮೇಲೆ ಕುಳಿತರು. "ಇನ್ನ ಮ್ಯಾಲ ಯಾರ ಕೈ ಒಳಗದ, ಚಾವಿ ಅವರ ಬಲ್ಲೇ ಇರಬೇಕು. ಬ್ಯಾಡ ಅನ್ನೂದಿದ್ರ ಬ್ಯಾಡ ಅಂತ ಮೊದಲ ಅನ್ನಬೇಕು, ಆಮ್ಯಾಲ ಉಳಿದ ಮಾತು." ಧಮ್ಮಪಾಲ ಜೇಬಿನ ಚಾವಿಯನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಗೋಣಿತಟ್ಟಿನ ಮೇಲೆ ಮಲಗಿ ಸ್ಪ್ರಿಂಗಿಗೆ ಕೈ ಹಾಕಿದರು.

ಅಂದಿನಿಂದ ಕೆಳಗಿನ ಕೆಲಸಕ್ಕೆ ಅವರು ಬರುತ್ತಾರೆ, ಸೀಟಿಗೆ ಮಾತ್ರ ಇಲ್ಲ. ಔರಾದದ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರು. ಇವತ್ತು ಔರಾದದಿಂದ ಹಬೀಬರ ಫೋನ್ ಬಂತು: "ಅಕ್ಕಾ, ಬೆಲ್ಟ್ ಮತ್ತ ಕಳಚಿ ಬೀಳಲತ್ತದ. ಬರ್ತೀರೇನ್ರಿ?" ಮಹಾಮಾಯಾ ಉತ್ತರ ಕೊಡುವ ಮೊದಲೇ ಧಮ್ಮಪಾಲ ನಟ್ಟು ಬಿಚ್ಚುವ ಪಾನಾಗಳ ಚೀಲ ಎತ್ತಿಕೊಂಡಿದ್ದರು.

ಅದೇ ಹುಲ್ಲು, ಅದೇ ರಸ್ತೆ. ಕೇಳುವ ಮೊದಲೇ ಧಮ್ಮಪಾಲ ಸೀಟು ಹತ್ತುತ್ತಾರೆ. ಮಹಾಮಾಯಾ ಪ್ಲಗ್ಗಿನ ವೈರು ಕಳಚಿ, ಚಾವಿಯನ್ನು ಸೆರಗಿಗೆ ಕಟ್ಟಿಕೊಂಡು ಕೆಳಗೆ ಮಲಗುತ್ತಾರೆ. "ಒತ್ರಿ." ಧಮ್ಮಪಾಲ ಪೆಡಲ್ ಒತ್ತುತ್ತಾರೆ. ಬೆಲ್ಟನ್ನು ಜಾಗ ಬಿಡದಂತೆ ತಡೆಯುವ ಕಡ್ಡಿ ಬಾಗಿದೆ. ಅದನ್ನು ನೇರ ಮಾಡಿ ಬೆಲ್ಟು ಕೂರಿಸುವಷ್ಟರಲ್ಲಿ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯುತ್ತದೆ.

"ನಿನ್ನ ಕೈ ಎಲ್ಲಿ ಅವ?" ಎಂದು ಧಮ್ಮಪಾಲ ಸೀಟಿನಿಂದ ಕೂಗುತ್ತಾರೆ.

ಮಹಾಮಾಯಾ ಎದ್ದು ನಿಂತು ಎರಡೂ ಕೈ ಮೇಲೆತ್ತಿ ತೋರಿಸುತ್ತಾರೆ. ಗಂಡ ಪೆಡಲ್ ಬಿಟ್ಟ ಮೇಲೆ ಪ್ಲಗ್ಗಿನ ವೈರು ಕೂಡಿಸಿ, ಸೆರಗಿನ ಗಂಟು ಬಿಚ್ಚಿ, ಚಾವಿ ಕೊಡುತ್ತಾರೆ. ಧಮ್ಮಪಾಲ ಅದನ್ನು ತಿರುವುತ್ತಾರೆ. ಯಂತ್ರ ಹೊರಡುತ್ತದೆ, ಹುಲ್ಲು ಕತ್ತರಿಸುತ್ತ ಗೋಡೆಯವರೆಗೆ ಹೋಗಿ ತಿರುಗುತ್ತದೆ. ಗೇಟಿನ ಬಳಿ ಹಬೀಬ ಕಣ್ಣೊರೆಸಿಕೊಳ್ಳುತ್ತಾರೆ.

ಬೆರಳಿನ ಬಗ್ಗೆ ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರೆ ಮಹಾಮಾಯಾ ಇಲ್ಲವೆಂದು ತಲೆಯಾಡಿಸುತ್ತಾರೆ. "ಅದು ಊರಿಗೆಲ್ಲಾ ಗೊತ್ತದರಿ. ಇವತ್ತ ಇವರು ಚಾವಿ ತಿರುವ್ಯಾರ. ಅದು ಬರೀರಿ."