ಹನ್ನೊಂದು ಅಂಗಳ, ಒಂದೇ ಕೈಯ ರಂಗೋಲಿ

ನನಗೆ ಇನ್ನೂ ನಂಬಲಾಗುತ್ತಿಲ್ಲ. ಹನ್ನೊಂದು ಮನೆಗಳ ಬಾಗಿಲಿಗೆ ಹೋದೆವು. ಹತ್ತಕ್ಕೆ ಬೀಗ!

ಮೊದಲಿನಿಂದ ಹೇಳುತ್ತೇನೆ. ನನ್ನ ಅಕ್ಕನ ಮಗಳು ಸುಮಾ ಕೊಟ್ಟೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಅವಳಿಗೊಂದು ಸೆಮಿನಾರ್. ಭಾರತ ಮತ್ತು ಜಪಾನಿನ ಹಳ್ಳಿಗಳ ಜನಸಂಖ್ಯೆ ಇಷ್ಟು ವರ್ಷಗಳಲ್ಲಿ ಹೇಗೆ ಬದಲಾಯಿತು ಅಂತ. ಚಾರ್ಟಿನ ಮೇಲೆ ಎರಡು ಗ್ರಾಫ್ ಬರೆದಿದ್ದಳು. ಜಪಾನಿನದು ದಶಕದಿಂದ ದಶಕಕ್ಕೆ ಇಳಿದಿತ್ತು. ನಮ್ಮದು ಬಹಳ ಕಾಲ ಏರುತ್ತಲೇ ಬಂದಿತ್ತು. (ಒಟ್ಟು ಜನರಲ್ಲಿ ಹಳ್ಳಿಯ ಪಾಲು ಇಳಿದಿದೆ, ತಲೆಗಳ ಸಂಖ್ಯೆ ಮಾತ್ರ ಏರಿದೆ ಎಂದು ಅವಳು ವಿವರಿಸಿದಳು. ನಾನು ಅರ್ಧ ಕೇಳಿಸಿಕೊಂಡೆ.)

ನೋಡಿ, ನನಗೆ ಎಂಥ ಜಂಬ! ಜಪಾನಿನ ಹಳ್ಳಿಗಳಲ್ಲಿ ಮನೆಗಳು ಕೇಳುವವರಿಲ್ಲದೆ ಬಿದ್ದಿವೆಯಂತೆ, ನಮ್ಮಲ್ಲಿ ಅಂಥದ್ದೆಲ್ಲಿದೆ ಎಂದು ಭಾಷಣವನ್ನೇ ಬಿಗಿದೆ.

ಸೆಮಿನಾರಿಗೆ ಒಂದು ಓಣಿಯ ಸರ್ವೆಯೂ ಬೇಕಿತ್ತು. ಶನಿವಾರ ಬೆಳಿಗ್ಗೆಯೇ ಬೈಕಿನಲ್ಲಿ ಕೂಡ್ಲಿಗಿ ಕಡೆಯ ಒಂದು ಹಳ್ಳಿಗೆ ಹೋದೆವು. ನನ್ನ ಚಿಕ್ಕಮ್ಮನ ಮಗಳು ಹನುಮಕ್ಕನ ಊರು ಅದು. ಹನುಮಕ್ಕ ಅಲ್ಲಿನ ಶಾಲೆಯ ಬಿಸಿಯೂಟದ ಅಡುಗೆಯವಳು.

ಓಣಿ ತುಂಬ ಸಗಣಿ ಸಾರಿಸಿದ ಅಂಗಳಗಳು, ಹಸಿ ಆರದ ನೆಲದ ಮೇಲೆ ರಂಗೋಲಿ. ಸುಮಾ ಬೈಕಿನಿಂದ ಇಳಿಯುವ ಮೊದಲೇ ಎಣಿಸಿದಳು. ಹನ್ನೊಂದು ಮನೆ, ಹನ್ನೊಂದರಲ್ಲೂ ಜನ. ಬರೆದೂಬಿಟ್ಟಳು. ನಾನೂ ಸರಿ ಅಂದೆ. ರಂಗೋಲಿ ಇದ್ದ ಮೇಲೆ ಒಳಗೆ ಹೆಂಗಸರು ಇರಲೇಬೇಕಲ್ಲ?

ಹೆಸರು ಬರೆದುಕೊಳ್ಳೋಣವೆಂದು ಹೊರಟರೆ ಮೊದಲ ಬಾಗಿಲಿಗೆ ಬೀಗ. ಪಕ್ಕದ್ದಕ್ಕೂ ಬೀಗ. ಎದುರಿನದಕ್ಕೂ. ಐದನೆಯದಕ್ಕೆ ಬರುವಷ್ಟರಲ್ಲಿ ನಾನು ಬೀಗಗಳನ್ನೇ ಎಣಿಸತೊಡಗಿದ್ದೆ. ಕೊನೆಯ ಮನೆಯ ಬಾಗಿಲು ಮಾತ್ರ ತೆರೆದಿತ್ತು. ಹನುಮಕ್ಕ ನಿಂತಿದ್ದಳು, ಬೆರಳಲ್ಲಿ ಇನ್ನೂ ರಂಗೋಲಿ ಪುಡಿ.

ಹನ್ನೊಂದನ್ನೂ ಹಾಕಿದವಳು ಇವಳೊಬ್ಬಳೇ! ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಗುಳೆ ಹೋಗುವವರು ಉಳಿದವರಿಗೆ ಅಂಗಳ ವಹಿಸಿ ಹೋಗುವುದು ಆ ಓಣಿಯ ರೂಢಿ. ಮನೆ ಪಾಳು ಬಿತ್ತು ಅನ್ನಿಸಬಾರದಲ್ಲ. ಮೊದಲೆಲ್ಲ ಮುಂಗಾರಿಗೆ ವಾಪಸು ಬರುತ್ತಿದ್ದರಂತೆ. ಈಗ ಮಕ್ಕಳನ್ನೂ ಅಲ್ಲಿನ ಶಾಲೆಗೇ ಸೇರಿಸಿದ್ದಾರೆ. ಹನುಮಕ್ಕನ ಗಂಡನೂ ಅಲ್ಲೇ ಇದ್ದಾನೆ. ಆದರೂ ಜನರನ್ನು ಎಣಿಸಲು ಯಾರೇ ಬರಲಿ, ಅಷ್ಟೂ ಮನೆಯವರ ಹೆಸರನ್ನು ಇವಳು ಪಟಪಟನೆ ಬರೆಸುತ್ತಾಳೆ, ಎಲ್ಲರೂ ಊರಲ್ಲೇ ಇದ್ದಾರೆಂದು!

ಅದು ಸುಳ್ಳಲ್ಲವೇನೇ ಅಂದೆ.

“ಮನಿ ಇಲ್ಲೇ ಐತಲ್ಲಣ್ಣ,” ಅಂದಳು.

ನಾನು ಜಂಬ ಕೊಚ್ಚಿದ್ದು ನೆನಪಾಯಿತು. ಜಪಾನಿನವರು ಖಾಲಿ ಮನೆಯನ್ನು ಖಾಲಿ ಅಂತಲೇ ಬರೆದುಕೊಂಡರು. ನಾವು? ನನಗೆ ನಾಚಿಕೆಯಾಯಿತು, ನಿಜ ಹೇಳಬೇಕೆಂದರೆ ಹೆದರಿಕೆಯೂ ಆಯಿತು.

ಅಷ್ಟರಲ್ಲಿ ಅವಳು ಇನ್ನೊಂದು ಸುದ್ದಿ ಹೇಳಿದಳು. ಮಕ್ಕಳು ಉಳಿಯದೆ ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸಿದ್ದಾರೆ. ಬಿಸಿಯೂಟದ ಒಲೆ ಆರಿದೆ. ಸೋಮವಾರ ಅವಳೂ ಗಂಡನ ಬಳಿಗೆ ಹೊರಟಿದ್ದಾಳೆ. ಈ ಅಂಗಳಗಳನ್ನು ಯಾರಿಗೆ ವಹಿಸುತ್ತೀ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಅವಳೇ ಸುಮಾಳ ಹಾಳೆ ನೋಡಿ ಕೇಳಿದಳು, “ನಮ್ಮ ಮನಿ ಹೆಂಗ ಬರೀತೀಯವ್ವ? ಜನ ಅದಾರ ಅಂತನೋ, ಖಾಲಿ ಅಂತನೋ?”

ಸುಮಾ ಪೆನ್ನನ್ನು ನನ್ನ ಕೈಗೆ ಕೊಟ್ಟಳು. ಏನು ಬರೆಯಬೇಕು ಅಂತ ನಿಮಗಾದರೂ ಗೊತ್ತಿದ್ದರೆ ಬೇಗ ಹೇಳಿ, ಹನುಮಕ್ಕ ಬಟ್ಟೆ ಕಟ್ಟುತ್ತಿದ್ದಾಳೆ.