ಗೌರಕ್ಕನ ಏಟು

ಗೌರಕ್ಕ ಸುತ್ತಿಗೆ ಎತ್ತಿದಾಗಲೆಲ್ಲ ಒಂದೇ ಹೆಸರು ಹೇಳುತ್ತಿದ್ದಳು: ‘ಪ್ರಭಾಕರ!’ ಪ್ರಭಾಕರ ಆ ಕಲ್ಲುಕ್ವಾರಿಯ ಮ್ಯಾನೇಜರು. ನೆಲದ ಮೇಲಿನ ಕಬ್ಬಿಣದ ತಟ್ಟೆಗೆ ಏಟು ಬೀಳುವಷ್ಟರಲ್ಲಿ ಮಾತ್ರ ಬಾಯಿ ಮುಚ್ಚಿರುತ್ತಿದ್ದಳು. ಆಮೇಲೆ ನೆಲದ ಕಂಪನ ಅಳೆಯುವ ನನ್ನ ಯಂತ್ರಕ್ಕೆ ನಿಶ್ಶಬ್ದ ಬೇಕಿತ್ತು.

ಕುಶಾಲನಗರದಾಚೆಯ ಆ ಕ್ವಾರಿಯಲ್ಲಿ ಬಂಡೆ ಸಿಡಿಸಿದರೆ ಕಲ್ಲು ಎಲ್ಲೆಲ್ಲೋ ಹಾರುತ್ತಿತ್ತು. ಅದಕ್ಕೇ ಮಾಲೀಕರು ನಮ್ಮ ಸರ್ವೆ ತಂಡವನ್ನು ಕರೆಸಿದ್ದರು. ಏಟಿನ ಕಂಪನ ಗಟ್ಟಿ ಬಂಡೆಯಲ್ಲಿ ಬೇಗ ಓಡುತ್ತದೆ, ಮಣ್ಣಿನಲ್ಲಿ ನಿಧಾನ. ಅದನ್ನು ಅಳೆದು ಒಳಗೆ ಎಲ್ಲಿ ಏನಿದೆ ಎಂದು ತಿಳಿದುಕೊಂಡರೆ ಸಿಡಿಮದ್ದು ಎಲ್ಲಿ, ಎಷ್ಟು ತುಂಬಬೇಕೆಂದು ಗೊತ್ತಾಗುತ್ತದೆ. ಸುತ್ತಿಗೆ ಬೀಸಲು ಆಳು ಬೇಕೆಂದಾಗ ಕಾಫಿ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವ ಕೆಲಸ ಬಿಟ್ಟು ಓಡಿಬಂದವಳು ಗೌರಕ್ಕ.

ಅವಳ ಗಂಡ ಪುಟ್ಟಸ್ವಾಮಿ ಅದೇ ಕ್ವಾರಿಯಲ್ಲಿ ಮದ್ದು ತುಂಬುತ್ತಿದ್ದ. ಹಾರಿದ ಕಲ್ಲು ತಲೆಗೆ ಬಿದ್ದು ಸತ್ತ. ಕುಡಿದು ಮದ್ದು ಜಾಸ್ತಿ ತುಂಬಿದ ಎಂದು ಪ್ರಭಾಕರ ಹೆಣದ ಮುಂದೆಯೇ ಕೂಗಿ ಹೇಳಿದ್ದ.

‘ಒಂದು ತೊಟ್ಟು ಮುಟ್ಟಿರ್ಲಿಲ್ಲ ಕಣಪ್ಪ’ ಎನ್ನುತ್ತಿದ್ದಳು ಗೌರಕ್ಕ. ‘ಅವತ್ತು ಊಟಕ್ ಬಂದಾಗ ಹೇಳಿದ್ರು, ಗುಂಡಿ ಕೊರೆದ್ರೆ ಬರೀ ಮಣ್ಣು ಬತ್ತೈತೆ, ಇಲ್ಲಿ ಮದ್ದು ಬ್ಯಾಡ ಅಂದ್ರೂ ಮ್ಯಾನೇಜರ್ ಕೇಳ್ಲಿಲ್ಲ ಅಂತ. ಇವನ್ನ ನಾನ್ ಬಿಡಲ್ಲ.’

ಪುಟ್ಟಸ್ವಾಮಿ ಸತ್ತ ಮೂಲೆಗೆ ನಾವು ಬಂದಾಗ, ಅಲ್ಲಿ ಸರ್ವೆ ಬೇಡ ಎಂದು ಪ್ರಭಾಕರ ಅಡ್ಡ ಬಂದ. ಇಡೀ ಕ್ವಾರಿ ನೋಡಲು ಮಾಲೀಕರು ಹೇಳಿದ್ದಾರೆ ಎಂದು ನಾನು ಯಂತ್ರದ ತಂತಿ ಎಳೆದೇಬಿಟ್ಟೆ. ಅವನು ಫೋನಿನಲ್ಲಿ ಮಾತಾಡುತ್ತ, ಅಳತೆ ಕೆಡಲೆಂದು ಬೇಕೆಂದೇ ಅಡ್ಡಾಡತೊಡಗಿದ. ಗೌರಕ್ಕ ಸುತ್ತಿಗೆ ಎತ್ತಿ ಹಿಡಿದಳು. ‘ಸಾರ್, ಬಾಯ್ಮುಚ್ಕಂಡ್ ನಿಂತ್ಕಳಿ. ಕಾಲೂ ಆಡಿಸ್ಬೇಡಿ.’ ಬಿಸಿಲಲ್ಲಿ ಅವನು ನಿಂತ. ಬೇಡದಿದ್ದರೂ ಇನ್ನೊಂದಷ್ಟು ಏಟು ಹಾಕಿಸಿದೆ, ನನಗೂ ಖುಷಿಯಾಗಿತ್ತು.

ಬಂಡೆಯೊಳಗೆ ಮಣ್ಣು ತುಂಬಿದ ದೊಡ್ಡ ಬಿರುಕು ಸಿಕ್ಕಿತು. ಅಂಥ ಕಡೆ ಮದ್ದು ತುಂಬಿದರೆ ಅದರ ಬಲವೆಲ್ಲ ಮೆತ್ತನೆಯ ಜಾಗದಿಂದ ನುಗ್ಗಿ ಕಲ್ಲನ್ನು ದೂರ ಎಸೆಯುತ್ತದೆ. ಮಾಲೀಕರ, ಆಳುಗಳೆಲ್ಲರ ಮುಂದೆ ನಾನು ಇದನ್ನು ಹೇಳಿದೆ. ಗೌರಕ್ಕನಿಗೆ ಅಷ್ಟು ಸಾಲಲಿಲ್ಲ. ಪ್ರಭಾಕರನೇ ಹೇಳಬೇಕು ಎಂದಳು. ಮಾಲೀಕರು ಅವನತ್ತ ತಿರುಗಿದರು.

‘ಪುಟ್ಟಸ್ವಾಮಿ ತಪ್ಪಿಲ್ಲ’ ಎಂದು ಗೊಣಗಿದ.

‘ಜೋರಾಗಿ ಹೇಳಿ. ಕುಡುಕ ಅಂದಿದ್ದು ಎಸ್ಟೇಟ್ ಆಳುಗಳ ಲೈನ್ ಮನೆ ತನಕ ಕೇಳಿತ್ತು.’

ಮತ್ತೆ ಹೇಳಿದ. ಅವನ ಮುಖ ಕಪ್ಪಿಟ್ಟಿತು.

ಮುಂದಿನ ಸಲ ಆ ಬಿರುಕಿನ ಹತ್ತಿರ ಮದ್ದು ತುಂಬಲಿಲ್ಲ. ಸಿಡಿದ ಬಂಡೆ ಬುಡದಲ್ಲೇ ಕುಸಿದು ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ಗೌರಕ್ಕ ಮಾತ್ರ ಬಿಕ್ಕಿ ಬಿಕ್ಕಿ ಅತ್ತಳು.

ಮಾಲೀಕರು ಪ್ರಭಾಕರನನ್ನು ಕೆಲಸದಿಂದ ತೆಗೆದರು. ನಾವು ಸಾಮಾನು ಕಟ್ಟುತ್ತಿದ್ದಾಗ ಅವನು ಬಂದು ಗೌರಕ್ಕನಿಗೆ ಕೈ ಮುಗಿದ. ‘ಸಾಹುಕಾರ್ರಿಗೆ ಒಂದ್ ಮಾತು ಹೇಳವ್ವ. ನಂಗೆ ಹೆಂಡ್ತಿ ಇದ್ದಾಳೆ.’

‘ನಂಗೂ ಗಂಡ ಇದ್ದ’ ಎಂದಳು.

ಅವನು ಹೋದಮೇಲೆ ಕೇಳಿದೆ: ‘ಹೊಟ್ಟೆ ತಣ್ಣಗಾಯ್ತಾ ಗೌರಕ್ಕ?’ ಅವಳನ್ನು ನಾನು ನೋಡಿದ್ದು ಅದೇ ಕೊನೆ.

‘ಆಯ್ತು ಕಣಪ್ಪ, ಸುಳ್ಳು ಯಾಕ್ ಹೇಳ್ಲಿ? ಎಷ್ಟ್ ಖುಷಿಯಾಯ್ತು ಅಂದ್ರೆ, ಓಡೋಗಿ ನಮ್ಮನೆಯವ್ರಿಗೆ ಹೇಳ್ಬೇಕು ಅನ್ನಿಸ್ತು.’